ನೀರಿಗಿಂತ ಮುಂಚೆ ಮರಿ

ಮಾಸ್ತಿ, 27 ಮೇ 2024

ಭಾವನ ಗುತ್ತಿಗೆ ಕೆರೆಯಲ್ಲಿ ಇವತ್ತು ಕೊನೆಯ ಬಲೆ ಎಳೆದರು. ಬಂದ ಕಟ್ಲಾ ಮುಕ್ಕಾಲು ಪಾಲು ಅರ್ಧ ಕೆ.ಜಿ. ಸಹ ತೂಗಲಿಲ್ಲ. ವ್ಯಾಪಾರಿ ಒಂದು ಮೀನು ಎತ್ತಿ ನೋಡಿ, "ಇದಕ್ಕೆ ಏನಣ್ಣ ರೇಟು ಕೊಡಲಿ, ಕೆ.ಜಿ. ದಾಟಿದ್ದರೆ ಮಾತೇ ಬೇರೆ" ಅಂದ. ಭಾವ ತಿರುಗಿ ಮಾತಾಡಲಿಲ್ಲ. ಮೀನಿಗೆ ರೋಗ ಬಂದಿರಲಿಲ್ಲ, ಕಳ್ಳತನವೂ ಆಗಿರಲಿಲ್ಲ. ಬೆಳೆಯುವಷ್ಟು ದಿನ ನೀರು ನಿಲ್ಲಲಿಲ್ಲ, ಅಷ್ಟೇ.

ಕೋಲಾರ ಸೀಮೆಯ ಕೆರೆಗಳ ಸ್ವಭಾವವೇ ಇದು. ವರ್ಷವಿಡೀ ಹರಿಯುವ ನದಿಯಿಲ್ಲ, ನಾಲೆಯಿಲ್ಲ. ತುಂಬಿದರೆ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ ತುಂಬಬೇಕು, ಏಪ್ರಿಲ್ ಮೇ ಹೊತ್ತಿಗೆ ತಳ ಕಾಣುತ್ತದೆ. ಆರು ತಿಂಗಳು, ಹೆಚ್ಚೆಂದರೆ ಏಳು. ಬೆರಳುದ್ದದ ಕಟ್ಲಾ ಮರಿ ಕೆ.ಜಿ. ತೂಗಬೇಕಾದರೆ ಹತ್ತು ಹನ್ನೆರಡು ತಿಂಗಳು ಬೇಕು. ಬಿಟ್ಟಿದ್ದು ಬೆರಳುದ್ದದ ಮರಿಯೂ ಅಲ್ಲ, ಉಗುರುದ್ದದ್ದು. ಲೆಕ್ಕ ಎಲ್ಲಿಂದ ಕೂಡಬೇಕು?

ಕೆರೆಯಲ್ಲಿ ಸಿಗದ ಐದಾರು ತಿಂಗಳನ್ನು ಮರಿ ಬೇರೆ ಕಡೆ ಕಳೆದು ಬರಬೇಕು. ನಮ್ಮ ತೋಟದ ಕೃಷಿ ಹೊಂಡ ಇರುವುದು ಅದಕ್ಕೇ ಅನ್ನಿಸುತ್ತಿದೆ.

9 ಜೂನ್

ಹೆಸರಘಟ್ಟಕ್ಕೆ ಹೋಗಿ ಬಂದೆ. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಸೀಫಾದ ಪ್ರಾದೇಶಿಕ ಕೇಂದ್ರ ಅಲ್ಲಿದೆ. ಆ ಸಂಸ್ಥೆ ನಾರ್ವೆಯವರ ಜೊತೆ ಸೇರಿ ಆಯ್ಕೆ ತಳಿಯಾಗಿ ಬೆಳೆಸಿದ ಜಯಂತಿ ರೋಹು ತಲೆಮಾರಿಗೆ ಸರಾಸರಿ ನೂರಕ್ಕೆ 17ರಷ್ಟು ಹೆಚ್ಚು ಬೆಳೆದಿದೆ. ಸಾಮಾನ್ಯ ಗೆಂಡೆ ತಳಿಯ ಕೆಲಸ ಆಗಿರುವುದೂ ಅದೇ ಹೆಸರಘಟ್ಟದಲ್ಲಿ. ನಮ್ಮ ಕೆರೆಗಳ ಸಾಮಾನ್ಯ ಗೆಂಡೆ ವರ್ಷ ತುಂಬುವ ಮೊದಲೇ ಬಲಿತು ಮೊಟ್ಟೆ ಕಟ್ಟುತ್ತದೆ. ತಿಂದದ್ದೆಲ್ಲ ಮೊಟ್ಟೆಗೆ ಹೋಗಿ ಮೈ ನಿಂತುಬಿಡುತ್ತದೆ. ಹಂಗೆರಿಯಿಂದ ತಂದ ಅಮೂರ್ ಗೆಂಡೆಯನ್ನು ಸ್ಥಳೀಯ ಗೆಂಡೆಯ ಪಕ್ಕದಲ್ಲೇ ಸಾಕಿ ನೋಡಿದಾಗ ಅದು ತಡವಾಗಿ ಬಲಿಯಿತು, ಬೇಗ ಬೆಳೆಯಿತು. ನಮ್ಮಂಥ ಅರೆವರ್ಷದ ಕೆರೆಗೆ ಹೇಳಿ ಮಾಡಿಸಿದ ತಳಿ.

ಮನಸ್ಸಿಗೆ ನಾಟಿದ್ದು ಇನ್ನೊಂದು ವಿಷಯ. 1990ರಲ್ಲಿ ಏಕನಾಥ್ ಮತ್ತು ಡಾಯ್ಲ್ ಎಂಬ ಇಬ್ಬರು ವಿಜ್ಞಾನಿಗಳು ಕರ್ನಾಟಕದ ಮರಿ ಉತ್ಪಾದನಾ ಕೇಂದ್ರಗಳನ್ನೇ ಪರಿಶೀಲಿಸಿ ಬರೆದಿದ್ದಾರೆ. ಹೊರಗಿನಿಂದ ತಾಯಿಮೀನು ತರದೆ, ಇರುವ ಕೆಲವೇ ಮೀನುಗಳಿಂದ ವರ್ಷವರ್ಷವೂ ಮರಿ ಮಾಡಿಸಿದರೆ ಒಳಸಂಬಂಧ ಬೆಳೆದು ತಳಿ ಕುಗ್ಗುತ್ತದೆ ಅಂತ. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಈಗಲೂ ಮರಿ ಕೊಳ್ಳುವ ರೈತ ಕೇಳುವುದು "ಸಾವಿರಕ್ಕೆ ಎಷ್ಟು?" ಅಂತ ಮಾತ್ರ. ಟೊಮೆಟೊ ಸಸಿ ಕೊಳ್ಳುವಾಗ ಯಾವ ತಳಿ, ಯಾವ ನರ್ಸರಿ, ಎಷ್ಟು ದಿನದ್ದು ಅಂತ ಹತ್ತು ಪ್ರಶ್ನೆ ಕೇಳುವವರು ನಾವು. ಮೀನುಮರಿಯ ತಾಯಿ ಯಾವುದು, ಆ ತಾಯಿಯನ್ನು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಾರೆ ಅಂತ ಯಾಕೆ ಕೇಳಬಾರದು?

10 ಜುಲೈ

ಇವತ್ತು ಮೀನು ಕೃಷಿಕರ ದಿನ. 1957ರ ಇದೇ ದಿನ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಮ್ಮ ದೇಶದ ಗೆಂಡೆ ಜಾತಿಗಳಿಂದ ಮೊದಲ ಬಾರಿ ಮೊಟ್ಟೆ ಇಡಿಸಿದರು. ಕಟ್ಲಾ, ರೋಹು, ಮೃಗಾಲ್ ನಿಂತ ನೀರಲ್ಲಿ ಮೊಟ್ಟೆ ಇಡುವುದಿಲ್ಲ, ಪ್ರವಾಹದ ಹೊಳೆಯೇ ಬೇಕು. ಅಲ್ಲಿಯವರೆಗೆ ಮರಿ ಬೇಕೆಂದರೆ ಹೆಚ್ಚಾಗಿ ಹೊಳೆಯಲ್ಲಿ ಬಲೆ ಕಟ್ಟಿ ಹಿಡಿಯಬೇಕಿತ್ತು. ಹಿಡಿದದ್ದರಲ್ಲಿ ಯಾವ ಜಾತಿ ಎಷ್ಟಿದೆ ಅನ್ನುವುದೂ ಗೊತ್ತಾಗುತ್ತಿರಲಿಲ್ಲ. ತುಂಬು ಹೊಳೆಯಿಲ್ಲದ ಕೋಲಾರದಲ್ಲಿ ಮೀನು ಸಾಕುತ್ತೇವೆ ಅನ್ನುವ ಮಾತು ಆ ಚುಚ್ಚುಮದ್ದಿನಿಂದ ಹುಟ್ಟಿದ್ದು. ಆಮೇಲೆ ಓವಾಪ್ರಿಮ್ ಎಂಬ ಸಿದ್ಧ ಚುಚ್ಚುಮದ್ದು ಬಂತು. ಸತ್ತ ಮೀನಿನ ತಲೆ ಒಡೆದು ಗ್ರಂಥಿ ತೆಗೆಯುವ ಕಷ್ಟ ತಪ್ಪಿತು. ಅದನ್ನು ನಮ್ಮ ಗೆಂಡೆಗಳ ಮೇಲೆ ಪರೀಕ್ಷಿಸಿದವರಲ್ಲಿ ಮಂಗಳೂರು ಮೀನುಗಾರಿಕೆ ಕಾಲೇಜಿನ ನಂದೀಶ, ಕೇಶವನಾಥ, ವರ್ಗೀಸ್ ಇದ್ದರು.

ಸ್ಪಾನ್, ಅಂದರೆ ಆಗಷ್ಟೇ ಮೊಟ್ಟೆಯೊಡೆದ ಮರಿ, ಮುಂದಿನ ವಾರ ಬರುತ್ತದೆ. ಹೊಂಡಕ್ಕೆ ಸುಣ್ಣ ಹಾಕಿಯಾಯಿತು. ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಮಣ್ಣಿಲ್ಲ, ಮಣ್ಣಿಲ್ಲದೆ ನೀರಿಗೆ ಬಣ್ಣ ಬರುವುದಿಲ್ಲ. ತಳಕ್ಕೆ ಕೆರೆಗೋಡು ಹರಡಿದ್ದೇವೆ. ಮೇಲೆ ಸೆಗಣಿ ನೀರು. ಬೋರ್‌ವೆಲ್ ನೀರಲ್ಲಿ ಆಮ್ಲಜನಕ ಕಡಿಮೆ ಇರುತ್ತದೆಂದು ಪೈಪಿನ ಬಾಯಿಗೆ ತೂತು ಹೊಡೆದ ಡಬ್ಬಿ ಕಟ್ಟಿ ಸಿಡಿಸಿ ಬಿಡುತ್ತಿದ್ದೇವೆ. ನೀರು ಈಗ ತಿಳಿ ಹಸಿರಿಗೆ ತಿರುಗಿದೆ.

18 ಜುಲೈ

ಸಂಜೆ ಸೋಪೆಣ್ಣೆ ಹಾಕಿದೆವು. ನರ್ಸರಿ ಹೊಂಡಕ್ಕೆ ಇದನ್ನು ಹಾಕದೆ ಬಿಟ್ಟವರಿಗೆ ಮರಿ ಉಳಿಯುವುದಿಲ್ಲ. ನೀರಿಗೆ ಬಣ್ಣ ಬಂದ ಕೂಡಲೇ ಬೆನ್ನಡಿಯಾಗಿ ಈಜುವ ಹುಳ, ನೀರು ಜೀರುಂಡೆ ಎಲ್ಲಿಂದಲೋ ಹಾರಿ ಬಂದು ಸೇರುತ್ತವೆ. ಏಳೆಂಟು ಮಿಲಿಮೀಟರಿನ ಸ್ಪಾನನ್ನು ಹಿಡಿದು ಹೀರುತ್ತವೆ. ಎಕರೆಗಟ್ಟಲೆ ಕೆರೆಯಲ್ಲಿ ಇವನ್ನು ತಡೆಯುವ ದಾರಿಯಿಲ್ಲ, ಚಿಕ್ಕ ಹೊಂಡದಲ್ಲಿ ಇದೆ. ಹೆಕ್ಟೇರಿಗೆ 18 ಕೆ.ಜಿ. ಸೋಪು, 56 ಕೆ.ಜಿ. ಎಣ್ಣೆ ಲೆಕ್ಕ. 21 ಮೀಟರ್ ಚೌಕದ ನಮ್ಮ ಹೊಂಡಕ್ಕೆ ಮುಕ್ಕಾಲು ಕೆ.ಜಿ. ಬಾರ್ ಸೋಪು, ಎರಡೂವರೆ ಕೆ.ಜಿ. ಎಣ್ಣೆ. ಸೋಪು ತುರಿದು ಬಿಸಿನೀರಲ್ಲಿ ಕರಗಿಸಿ, ಎಣ್ಣೆ ಹುಯ್ದು ಹಾಲಿನ ಬಣ್ಣ ಬರುವವರೆಗೆ ಕಲಕಬೇಕು. ಗಾಳಿ ಇದ್ದರೆ ಪೊರೆ ಒಂದು ಮೂಲೆಗೆ ಸರಿದುಹೋಗುತ್ತದೆ. ಅದಕ್ಕೇ ನೀಲಗಿರಿ ತೋಪಿನ ಎಲೆ ಅಲುಗಾಡುವುದು ನಿಲ್ಲಲಿ ಅಂತ ಕಾದೆವು.

ಪೊರೆ ಹರಡಿದ ಸ್ವಲ್ಪ ಹೊತ್ತಿಗೆ ಹುಳಗಳು ಉಸಿರಿಗೆ ಮೇಲೆ ಬಂದವು. ಬಾಲದ ತುದಿಯನ್ನು ನೀರಿನಿಂದಾಚೆ ಚಾಚಲು ನೋಡುತ್ತವೆ, ಎಣ್ಣೆ ಬಿಡುವುದಿಲ್ಲ. ಮತ್ತೆ ಕೆಳಗೆ, ಮತ್ತೆ ಮೇಲೆ. ಕೊನೆಗೆ ದಡದ ಪ್ಲಾಸ್ಟಿಕ್‌ಗೆ ಅಂಟಿಕೊಂಡು ಸಾಲಾಗಿ ನಿಂತವು. ಮಗಳು ಜಾಲರಿಯಲ್ಲಿ ಬಾಚಿ ಬಕೆಟ್ಟಿಗೆ ಹಾಕಿದಳು. "ಅಪ್ಪಾ, ಇಷ್ಟೊಂದು ಇದ್ವಾ ಒಳಗೆ?" ಅಂದಳು.

19 ಜುಲೈ

ಪೊರೆ ಚದುರಿದ ಮೇಲೆ ಸ್ಪಾನ್ ಬಿಟ್ಟೆವು, ಎರಡು ಲಕ್ಷದಷ್ಟು. ಆಮ್ಲಜನಕ ತುಂಬಿದ ಚೀಲಗಳನ್ನು ಅರ್ಧ ಗಂಟೆ ನೀರ ಮೇಲೆ ತೇಲಿಸಿ, ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಒಳಗೆ ಬಿಟ್ಟು, ಮರಿ ತಾನಾಗಿ ಆಚೆ ಬರಲಿ ಅಂತ ಚೀಲ ಓರೆ ಮಾಡಿದೆವು. ನೂರಕ್ಕೆ ಮೂವತ್ತು ನಲವತ್ತು ಉಳಿದು ಒಂದಿಂಚು ಆದರೆ ಒಳ್ಳೆಯ ಸಾಕಣೆ ಅನ್ನುತ್ತಾರೆ.

6 ಆಗಸ್ಟ್

ಮೇವಿನ ವಿಚಾರ. ಇದುವರೆಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡು ಸಮಸಮ, ಬಟ್ಟೆಯಲ್ಲಿ ಸೋಸಿದ ಪುಡಿ. ಹಿಂಡಿಯ ಬೆಲೆ ನೋಡಿದರೆ ಇದೇ ದಾರಿಯಲ್ಲಿ ದೂರ ಹೋಗಲಾಗದು. ಅಂಗಡಿಯ ತೇಲುವ ಮೇವು ಇನ್ನೂ ದುಬಾರಿ. ಅದರಲ್ಲಿ ಸಮುದ್ರದ ಮೀನಿನ ಪುಡಿ ಇರುತ್ತದೆ, ಮೀನು ಸಾಕಲು ಮೀನನ್ನೇ ಹಿಡಿದು ಒಣಗಿಸುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮದು ರೇಷ್ಮೆ ಸೀಮೆ. ಶಿಡ್ಲಘಟ್ಟದಲ್ಲಿ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ ಮೂಟೆಗಟ್ಟಲೆ ಸಿಗುತ್ತದೆ. ಒಣಗಿದ ಪ್ಯೂಪಾದಲ್ಲಿ ಅರ್ಧದಷ್ಟು ಪ್ರೋಟೀನು, ಕಾಲು ಭಾಗಕ್ಕೂ ಮೇಲೆ ಕೊಬ್ಬು. ನಂದೀಶ ಮತ್ತವರ ಜೊತೆಗಾರರು ಎಣ್ಣೆ ತೆಗೆಯದ ಪ್ಯೂಪಾವನ್ನೇ ಸಾಮಾನ್ಯ ಗೆಂಡೆಯ ಮೇವಿಗೆ ಬೆರೆಸಿ ಪರೀಕ್ಷಿಸಿ 1990ರಲ್ಲಿ ಪ್ರಕಟಿಸಿದ್ದಾರೆ. ಮೀನಿನ ಪುಡಿಯ ಜಾಗಕ್ಕೆ ಇದು ಸಾಲುತ್ತದೆ. ಕೊಬ್ಬೇ ಇದರ ಬಲ, ತೊಂದರೆಯೂ ಅದೇ: ಹಸಿ ಇಟ್ಟರೆ ಕಮಟುತ್ತದೆ. ಟಾರ್ಪಾಲಿನ ಮೇಲೆ ತೆಳ್ಳಗೆ ಹರವಿ ಚೆನ್ನಾಗಿ ಒಣಗಿಸಿ ಬೀಸಿದರೆ ತಿಂಗಳು ಇಡಬಹುದು. ಮನೆಯವಳಿಗೆ ನಾತ ಹಿಡಿಸದು. "ಮನೆ ಹತ್ತಿರ ಮಾತ್ರ ಬೇಡ" ಅಂದಿದ್ದಾಳೆ. ಪಂಪ್‌ಹೌಸ್ ಹಿಂದೆ ಜಾಗ ಮಾಡಿದೆ.

ಮಂಗಳೂರಿನವರದೇ ಇನ್ನೊಂದು ಕೆಲಸವೂ ನೆನಪಿಗೆ ಬರುತ್ತಿದೆ. ಕಬ್ಬಿನ ಸಿಪ್ಪೆಯ ಕಟ್ಟುಗಳನ್ನು ನೀರಲ್ಲಿ ಇಳಿಬಿಟ್ಟರೆ ಅದರ ಮೇಲೆ ಸೂಕ್ಷ್ಮಜೀವಿಗಳ ಪದರ ಬೆಳೆದು ಗೆಂಡೆಗಳಿಗೆ ಪುಕ್ಕಟೆ ಮೇವಾಗುತ್ತದೆ. ಕಬ್ಬಿನ ಹಾಲಿನ ಗಾಡಿಯವನು ಸಿಪ್ಪೆ ಕೊಡುತ್ತೇನೆಂದಿದ್ದಾನೆ. ಬೆರಳುದ್ದ ಆದ ಮೇಲೆ ಮಾಡಬೇಕು.

3 ಅಕ್ಟೋಬರ್

ಪಕ್ಕದ ಹಳ್ಳಿಯವರು ಬೇಜಾರಿನಲ್ಲಿ ಬಂದಿದ್ದರು. ಕಟ್ಲಾ ಅಂತ ಕೊಂಡ ಮರಿಯಲ್ಲಿ ಅರ್ಧಕ್ಕರ್ಧ ಜಿಲೇಬಿ ಮೀನು (ತಿಲಾಪಿಯಾ) ಬೆರೆತಿದೆ. ಮಾರಿದವನ ಫೋನು ಎತ್ತುತ್ತಿಲ್ಲ. ಕಷ್ಟದ ದುಡ್ಡು. ಜಿಲೇಬಿ ಒಂದು ಸಲ ಸೇರಿದರೆ ತಾನೇ ಮರಿ ಹಾಕಿ ಕೆರೆ ತುಂಬುತ್ತದೆ, ಕಟ್ಲಾದ ಮೇವನ್ನೂ ತಿನ್ನುತ್ತದೆ. ಇನ್ನೊಬ್ಬರು "ಆಫ್ರಿಕನ್ ಕ್ಯಾಟ್‌ಫಿಶ್ ಹಾಕು, ಕೋಳಿ ಅಂಗಡಿ ಕಸ ಸುರಿ, ಆರು ತಿಂಗಳಿಗೆ ದುಡ್ಡು" ಅಂತ ಸಲಹೆ ಕೊಟ್ಟರಂತೆ. ನಿಷೇಧಿಸಿರುವ ಮೀನು ಅದು. ಕೋಡಿ ಹರಿದು ಹೊರಬಿದ್ದರೆ ಕೆಳಗಿನ ಕೆರೆಗಳಲ್ಲಿ ಊರಿನ ಮೀನು ಉಳಿಯುವುದಿಲ್ಲ. ನಮ್ಮ ಕೆರೆಗಳು ಒಂದರ ಕೋಡಿ ಇನ್ನೊಂದರ ಅಂಗಳಕ್ಕೆ ಬೀಳುವ ಸಾಲು, ಒಬ್ಬರ ಆಸೆ ಹತ್ತೂರಿನ ನಷ್ಟ. ಖಂಡಿತ ಬೇಡ ಎಂದು ಕೈಮುಗಿದು ಹೇಳಿದೆ.

ಕೋಲಾರ ಪಟ್ಟಣದ ಕಡೆಯ ಕೆರೆಗಳಿಗೆ ಕಷ್ಟ ಬೇರೆ ಬಗೆಯದು. 2018ರ ಜೂನ್‌ನಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿನಿಂದ ಆ ಸಾಲಿನಲ್ಲಿ ಬೇಸಿಗೆಯಲ್ಲೂ ನೀರಿದೆ. ಅಲ್ಲಿ ಸಮಯದ ಕೊರತೆಯಿಲ್ಲ. ಆದರೆ ಬೆಂಗಳೂರಿನಿಂದ ಬರುವ ನೀರಿನಲ್ಲಿ ಸಾರಜನಕ, ರಂಜಕ ಹೆಚ್ಚು. ಪಾಚಿ ದಟ್ಟವಾದರೆ ರಾತ್ರಿಯೆಲ್ಲ ಅದೇ ಆಮ್ಲಜನಕ ಎಳೆದುಕೊಂಡು ಬೆಳಗಿನ ಜಾವ ಮೀನು ಬಾಯಿ ಬಿಡುತ್ತದೆ. ಅಲ್ಲಿಗೆ ಬೆಳ್ಳಿಗೆಂಡೆಯಂತೆ ಪಾಚಿ ಸೋಸಿ ತಿನ್ನುವ ಮೀನು ಹೆಚ್ಚು ಬೇಕು, ನೀರನ್ನೂ ಮೀನನ್ನೂ ಆಗಾಗ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಪಂಚಾಯಿತಿ ಬಾಗಿಲಿಗೆ ಅಂಟಿಸಬೇಕು. ತಿನ್ನುವವರ ನಂಬಿಕೆ ಇಲ್ಲದೆ ವ್ಯಾಪಾರ ನಿಲ್ಲುವುದಿಲ್ಲ.

17 ನವೆಂಬರ್

ಭಾವ ಬಂದು ಮರಿ ಒಯ್ದರು. ನಾಲ್ಕಿಂಚು ದಾಟಿದವನ್ನು ಮಾತ್ರ ಆರಿಸಿ, ಹಾಪಾದಲ್ಲಿ (ನೀರಲ್ಲಿ ಕಟ್ಟಿದ ಬಲೆಯ ತೊಟ್ಟಿ) ಒಂದು ರಾತ್ರಿ ಉಪವಾಸ ಇಟ್ಟು, ಬೆಳಿಗ್ಗೆ ತುಂಬಿದೆವು. ಹೊಟ್ಟೆ ಖಾಲಿಯಿದ್ದರೆ ದಾರಿಯಲ್ಲಿ ನೀರು ಕೆಡುವುದಿಲ್ಲ. ಸಾವಿರದ ಲೆಕ್ಕದಲ್ಲಿ ಬೇಡ, ಉದ್ದದ ಲೆಕ್ಕದಲ್ಲಿ ದರ ಇರಲಿ ಅಂದೆ. ಸಂಬಂಧದಲ್ಲಿ ಚೌಕಾಸಿ ಕಷ್ಟ, ಆದರೂ ಭಾವ ಒಪ್ಪಿದರು.

ನಾಲ್ಕಿಂಚಿನ ಮರಿ ಬಿಟ್ಟರೂ ಕಟ್ಲಾ ಏಪ್ರಿಲ್‌ಗೆ ಕೆ.ಜಿ. ಮುಟ್ಟುವುದು ಅನುಮಾನ. ಅದಕ್ಕೆ ಉಳಿದ ಮರಿಯನ್ನು ಈಗ ಮಾರುವುದಿಲ್ಲ. ಆಂಧ್ರದವರು ಮಾಡುವ ಹಾಗೆ ಬೇಸಿಗೆ ಪೂರ್ತಿ ಒತ್ತೊತ್ತಾಗಿ, ಅರೆಹೊಟ್ಟೆಯಲ್ಲಿ ಹೊಂಡದಲ್ಲೇ ಇಡುವುದು. ವರ್ಷ ತುಂಬಿದ, ನೂರು ಗ್ರಾಮಿನ ಆಸುಪಾಸಿನ ಆ ಮರಿ ತೆರೆದ ನೀರಿಗೆ ಬಿದ್ದೊಡನೆ ನಿಂತಿದ್ದ ಬೆಳವಣಿಗೆಯನ್ನೆಲ್ಲ ಒಮ್ಮೆಗೇ ತೀರಿಸಿಕೊಳ್ಳುತ್ತದೆ. ಆರು ತಿಂಗಳ ಕೆರೆಗೆ ಅದೇ ತಕ್ಕ ಮರಿ.

ಬೋರ್ ನೀರು ಮೇ ತನಕ ಬರುತ್ತದೆಯೇ ಅನ್ನುವುದೊಂದೇ ಚಿಂತೆ. ಆವಿಯಾಗುವಷ್ಟನ್ನು ತುಂಬಿಸಿದರೆ ಸಾಕು. ಹಳೆಯ ನೀರನ್ನು ಹಿಪ್ಪುನೇರಳೆಗೆ ಹಾಯಿಸಿದರೆ ಗೊಬ್ಬರದ ಖರ್ಚೂ ಇಳಿಯುತ್ತದೆ. ಎರಡನೇ ಹೊಂಡಕ್ಕೆ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯವಳ ಹೆಸರಲ್ಲಿ ಅರ್ಜಿ ಹಾಕಬೇಕು, ಮಹಿಳೆಯರಿಗೆ ನೂರಕ್ಕೆ 60 ಸಹಾಯಧನ. ಜನವರಿಯಲ್ಲಿ ಅಮೂರ್ ಮರಿಗೆ ಹೇಳಿಡಬೇಕು, ಗೆಂಡೆಗೆ ಮಳೆ ಕಾಯಬೇಕಿಲ್ಲ, ಚಳಿ ಮುಗಿಯುವ ಹೊತ್ತಿಗೂ ಮೊಟ್ಟೆ ಇಡುತ್ತದೆ. ಮುಂದಿನ ವರ್ಷದ ಬಲಿತ ಮರಿಗೆ ಭಾವ ಈಗಲೇ ಮುಂಗಡ ಕೊಟ್ಟು ಹೋಗಿದ್ದಾರೆ.