ಉಡುಗೆಯೊಳಗಿನ ಜೀವ

ಅಂಗಡಿಯ ಮುಂದೆ ಇಳಿಬಿಟ್ಟ ಸೀರೆಗೂ, ಅದನ್ನೇ ಉಟ್ಟು ಬೀದಿಯಲ್ಲಿ ನಡೆದುಬರುವ ಹೆಂಗಸಿನ ಮೈಮೇಲಿನ ಸೀರೆಗೂ ಎಷ್ಟೊಂದು ಅಂತರ! ಬಣ್ಣ ಅದೇ, ಅಂಚು ಅದೇ, ನೂಲೂ ಅದೇ. ಆದರೂ ಮೊದಲನೆಯದು ಬಟ್ಟೆ, ಎರಡನೆಯದು ಉಡುಗೆ. ಬಟ್ಟೆಯನ್ನು ಉಡುಗೆಯಾಗಿಸುವುದು ಅದರೊಳಗಿನ ಜೀವ. ಕೇಳುವುದಕ್ಕೆ ಸರಳವಾದ ಈ ಮಾತು, ಉಡುಗೆಯ ಚಿತ್ರ ಬರೆಯುವವರಿಗೆ ಬಹುಕಾಲದ ಅಭ್ಯಾಸದಿಂದ ಮಾತ್ರ ಕೈಗೂಡುವ ಸತ್ಯವಾಗಿದೆ.

ಉಡುಪನ್ನು ಹೊಲಿಯುವುದಕ್ಕೆ ಮೊದಲು ಅದು ಹೇಗೆ ಕಾಣಬೇಕೆಂಬುದನ್ನು ಕಾಗದದ ಮೇಲೆ ತೋರಿಸುವ ರೇಖಾಚಿತ್ರಕ್ಕೆ ಫ್ಯಾಷನ್ ಸ್ಕೆಚ್ ಎಂದು ಹೆಸರು. ಸಾಮಾನ್ಯ ಮನುಷ್ಯನ ಎತ್ತರ ಅವನ ತಲೆಯ ಅಳತೆಯ ಸುಮಾರು ಏಳೂವರೆ ಪಟ್ಟು. ಆದರೆ ಈ ಚಿತ್ರಗಳಲ್ಲಿ ಅದು 9 ಪಟ್ಟಿಗೋ ಅದಕ್ಕೂ ಮೇಲಕ್ಕೋ ಏರುತ್ತದೆ. ಅಳತೆಯ ಕಟ್ಟು ನಮ್ಮವರಿಗೂ ಹೊಸದಲ್ಲ. ಮುಖದ ಉದ್ದವನ್ನು 12 ಅಂಗುಲಗಳ ಒಂದು ತಾಳವೆಂದು ಎಣಿಸಿ, 9 ತಾಳಗಳ, ಎಂದರೆ 108 ಅಂಗುಲಗಳ ಮೂರ್ತಿಯನ್ನು ನಮ್ಮ ಶಿಲ್ಪಿಗಳು ಕಡೆದರು. ದೋಷವಿರುವುದು ಅಳತೆಯಲ್ಲಲ್ಲ. ಅಳತೆಯನ್ನು ಕಲಿತ ಕೈ ನೋಡುವುದನ್ನೇ ಬಿಟ್ಟು ಅದೇ ಕೊರಳನ್ನೂ ಅದೇ ನಡುವನ್ನೂ ಮತ್ತೆ ಮತ್ತೆ ಬರೆಯತೊಡಗಿದಾಗ, ಕಾಗದದ ಮೇಲೆ ಮೂಡುವುದು ಮನುಷ್ಯರಲ್ಲ, ಉಡುಪು ತೊಡಿಸಿದ ಬೊಂಬೆ.

ಬೆಂಗಳೂರಿನ ಪಶ್ಚಿಮಕ್ಕೆ, ವಿಜಯನಗರಕ್ಕೆ ಹೊಂದಿಕೊಂಡಂತೆ ಆರ್‌ಪಿಸಿ ಲೇಔಟ್ ಇದೆ. ಹಂಪಿನಗರವೆಂಬುದು ಅದರ ಇನ್ನೊಂದು ಹೆಸರು. ಅಲ್ಲಿ ಹೊಲಿಗೆಯಿಂದ ಜೀವನ ಸಾಗಿಸುವ ಮಹಿಳೆಯೊಬ್ಬರು ಎಳೆಯ ವಯಸ್ಸಿನಲ್ಲಿ ಉಡುಪಿನ ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದರು. ಸಂಸಾರದ ಹೊಣೆ ಬಂದ ಮೇಲೆ ಪೆನ್ಸಿಲು ಮೂಲೆ ಸೇರಿತು. ಹೊಲಿಸಲು ಬಂದವರು ಫೋನಿನಲ್ಲಿ ಒಂದು ಚಿತ್ರ ತೋರಿಸಿ, ಅದರಂತೆಯೇ ಇರಲಿ ಎನ್ನುತ್ತಿದ್ದರು. ಹೀಗೆ ಇಪ್ಪತ್ತು ವರ್ಷಗಳು ಕಳೆದವು. ಒಂದು ದಿನ ಮಗಳ ಒತ್ತಾಯಕ್ಕೆ ಕಾಗದ ಹಿಡಿದಾಗ, ಕೈ ತನಗೆ ಗೊತ್ತಿದ್ದ ಹಳೆಯ ಬೊಂಬೆಯನ್ನೇ ಬರೆಯಿತು. “ಅಮ್ಮಾ, ಇವಳು ಯಾರು? ನಮ್ಮ ಬೀದಿಯಲ್ಲಿ ಇಂಥವರು ಯಾರೂ ಇಲ್ಲವಲ್ಲ!” ಎಂದಳು ಮಗಳು. ಆ ಮಾತು ತಾಯಿಯ ಮನಸ್ಸಿನಲ್ಲಿ ನಾಟಿತು.

ಅಂದಿನಿಂದ ಭಾನುವಾರದ ಬೆಳಿಗ್ಗೆ ನೆರೆಹೊರೆಯ ನಾಲ್ಕೈದು ಮಂದಿ ಮಹಡಿಯ ಮೇಲೆ ಸೇರತೊಡಗಿದರು. ಸರದಿಯಂತೆ ಒಬ್ಬರು ರೂಪದರ್ಶಿ, ಉಳಿದವರು ಚಿತ್ರಕಾರರು. ಮೊದಲ ಚಿತ್ರಗಳಿಗೆ ಅರ್ಧ ನಿಮಿಷ, ಅನಂತರ ಎರಡು ನಿಮಿಷ, ಆಮೇಲೆ ಐದು, ಕೊನೆಯದಕ್ಕೆ ಇಪ್ಪತ್ತು ನಿಮಿಷ. ಅರ್ಧ ನಿಮಿಷದಲ್ಲಿ ಕಣ್ಣು, ಮೂಗು, ಗುಂಡಿಗಳನ್ನು ಬರೆಯಲಾಗದು. ನಿಲುವಿನ ಓಟವನ್ನಷ್ಟೇ ಹಿಡಿಯಬಹುದು. ಮೈಭಾರ ಒಂದು ಕಾಲಿನ ಮೇಲೆ ಬಿದ್ದಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಹೆಗಲು ಕೆಳಗಿಳಿಯುತ್ತದೆ. ಗಾರೆಯವರ ತೂಗುಗುಂಡಿನಂತೆ ಕತ್ತಿನ ಕುಳಿಯಿಂದ ಗೆರೆಯೊಂದನ್ನು ಇಳಿಬಿಟ್ಟರೆ ಅದು ಭಾರ ಹೊತ್ತ ಪಾದದ ಬಳಿ ಬಂದು ನಿಲ್ಲುತ್ತದೆ. ನೆರಿಗೆಗಳಾದರೂ ಮನಬಂದಂತೆ ಹುಟ್ಟುವುದಿಲ್ಲ. ಹೆಗಲು, ಮೊಣಕೈ, ಸೊಂಟ, ಮಂಡಿ, ಹೀಗೆ ಬಟ್ಟೆ ಬಿಗಿಯುವ ಎಡೆಗಳಿಂದ ಅವು ಹೊರಡುತ್ತವೆ. ಮೈಸೂರಿನ ರೇಷ್ಮೆ ನೀರಿನಂತೆ ಜಾರಿದರೆ, ಗಂಜಿ ಹಾಕಿದ ಖಾದಿ ಮಡಿಸಿದ ಕಾಗದದಂತೆ ಮುರಿಯುತ್ತದೆ. ಕೊಡಗಿನ ಹೆಂಗಸರು ನೆರಿಗೆಯನ್ನು ಬೆನ್ನ ಹಿಂದೆ ಇಡುವುದರಿಂದ, ಅವರ ಉಡುಗೆಯ ಸೊಬಗನ್ನು ಕಾಣಬೇಕಾದರೆ ಹಿಂದಿನಿಂದಲೂ ನೋಡಬೇಕು.

ಒಂದು ಭಾನುವಾರ ಬಾಗಲಕೋಟೆ ಕಡೆಯ ಅಜ್ಜಿಯೊಬ್ಬರು ಇಳಕಲ್ ಸೀರೆ ಉಟ್ಟು ರೂಪದರ್ಶಿಯಾಗಿ ಕುಳಿತರು. ಅಲುಗದೆ ಕೂರುವುದು ಸುಲಭವಲ್ಲ; ಅದೂ ಒಂದು ದುಡಿಮೆಯೇ. ಹತ್ತು ನಿಮಿಷಗಳಲ್ಲಿ ಅಜ್ಜಿಯ ಹೆಗಲು ಇಳಿಯಿತು, ಬೆನ್ನು ಇನ್ನಷ್ಟು ಬಾಗಿತು. ಬಾಗಿದ ಬೆನ್ನಿನ ಮೇಲೆ ಕುಬಸ ಹಿಂದುಗಡೆ ಮೇಲಕ್ಕೆ ಸರಿದು, ಮುಂದುಗಡೆ ಸಡಿಲಾಗಿ ಜೋಲುತ್ತಿದ್ದುದು ಹೊಲಿಗೆಯಾಕೆಯ ಕಣ್ಣಿಗೆ ಬಿತ್ತು. ಟೇಪಿನಿಂದ ಆ ಮೈಯನ್ನು ಆಕೆ ಹಲವು ಸಲ ಅಳೆದಿದ್ದರು. ನೋಡಿದ್ದು ಮಾತ್ರ ಅಂದೇ. ಮುಂದಿನ ಸಲ ಬೆನ್ನಿನ ಭಾಗವನ್ನು ಉದ್ದವಾಗಿಯೂ ಮುಂಭಾಗವನ್ನು ಗಿಡ್ಡವಾಗಿಯೂ ಕತ್ತರಿಸಿ ಹೊಲಿದುಕೊಟ್ಟರು. “ಇಷ್ಟ ದಿನಕ್ಕ ನನ್ನ ಮೈಗೆ ಒಪ್ಪೂವಂಥಾ ಕುಬಸ ಸಿಕ್ತು ನೋಡವಾ” ಎಂದರಂತೆ ಅಜ್ಜಿ.

ಕಂಡು ಬರೆಯುವ ಈ ಹಾದಿಯಲ್ಲಿ ದೊಡ್ಡವರು ನಡೆದಿದ್ದಾರೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯಲ್ಲಿಯೂ ಆಮೇಲೆ ಪ್ಯಾರಿಸ್ಸಿನಲ್ಲಿಯೂ ಅಭ್ಯಾಸ ಮಾಡಿದವರು. ಅಷ್ಟಕ್ಕೇ ತೃಪ್ತರಾಗದೆ, ಲಯವೆಂದರೇನೆಂದು ತಿಳಿಯಲು ತಾವೇ ಕಥಕ್ ನೃತ್ಯವನ್ನು ಕಲಿತರು. ನರ್ತಕರನ್ನು ಕುರಿತ ಅವರ ಚಿತ್ರಗಳಲ್ಲಿ ಕೆಲವೇ ಗೆರೆಗಳು ಮೈಯನ್ನೂ ಉಡುಗೆಯನ್ನೂ ಒಟ್ಟಿಗೆ ಕುಣಿಸುತ್ತವೆ. ಇನ್ನು ನೆರೆಯ ರಾಜಾಜಿನಗರದೊಡನೆ ಹೆಸರು ಬೆಸೆದುಕೊಂಡಿರುವ ರುಮಾಲೆ ಚನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟ, ಪತ್ರಿಕೆ, ರಾಜಕೀಯಗಳಲ್ಲಿ ವರ್ಷಗಳನ್ನು ಸವೆಸಿ, 1960ರ ದಶಕದಲ್ಲಿ ಮರಳಿ ಕುಂಚ ಹಿಡಿದರು. ಅವರ ರೂಪದರ್ಶಿಗಳು ಬೆಂಗಳೂರಿನ ಹೂಮರಗಳು. ಆ ಮರಗಳ ಎದುರಿನಲ್ಲಿಯೇ ಕುಳಿತು ಅವರು ಚಿತ್ರ ಬರೆದರು. ನಡುವೆ ಬಿಟ್ಟುಹೋದ ವರ್ಷಗಳು ಕಲೆಯ ಬಾಗಿಲನ್ನು ಮುಚ್ಚುವುದಿಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಕೈಗೆ ಮರೆವು ಬರಬಹುದು. ಕಣ್ಣು ನೋಡಲು ಒಪ್ಪಿದರೆ ಕೈ ಮತ್ತೆ ಕಲಿಯುತ್ತದೆ. ಎದುರಿಗೆ ಕುಳಿತವರು ಎತ್ತರದವರೋ ಕುಳ್ಳರೋ, ಎಳೆಯರೋ ಮುದುಕರೋ, ಅವರನ್ನು ಇದ್ದಂತೆಯೇ ಕಾಣುವುದು ಕಲೆಯ ಮೊದಲ ಪಾಠ. ಒಬ್ಬರನ್ನು ಗಮನವಿಟ್ಟು ನೋಡುವುದೆಂದರೆ ಅವರಿಗೆ ಗೌರವ ಸಲ್ಲಿಸುವುದೇ ಅಲ್ಲವೆ?