ಗಡಿಯೂರಿಗೆ ಎರಡು ದಿನ

ಎರಡು ದಿನಗಳ ಪ್ರವಾಸಕ್ಕೆ ಎರಡು ತಿಂಗಳ ಸಿದ್ಧತೆ ಬೇಕೆಂಬುದು ನನ್ನ ಭಾವಮೈದುನನ ಸಿದ್ಧಾಂತ. ಬ್ಯಾಂಕಾಕಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವ ಆತನಿಗೆ ಕಾಲವೂ ಹಣದಂತೆಯೇ. ಪೈಸೆ ಪೈಸೆಗೂ ಬಾಬ್ತು ತೋರಿಸಬೇಕು. ದಸರಾ ರಜೆಯಲ್ಲಿ ಅಲ್ಲಿಗೆ ಬರುತ್ತೇವೆಂದು ನಾವು ತಿಳಿಸಿದ ಮರುದಿನವೇ ಆತನಿಂದ ಕಾರ್ಯಕ್ರಮದ ಪಟ್ಟಿಯೊಂದು ಬಂದಿತು. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ಮರಳುವುದು. ಗುರಿ, ಮ್ಯಾನ್ಮಾರಿನ ಗಡಿಗೆ ಹತ್ತಿರದ ಸಂಖ್ಲಬುರಿ ಎಂಬ ಪುಟ್ಟ ಊರು. ಎರವಾನದ ಏಳು ಹಂತಗಳ ಜಲಪಾತ, ಹಿನ್ ದಾತಿನ ಬಿಸಿನೀರಿನ ಬುಗ್ಗೆ, ಗಡಿಯ ಮೇಲಿನ ಮೂರು ಬಿಳಿಯ ಸ್ತೂಪಗಳು, ದೋಣಿವಿಹಾರ, ಎಲ್ಲಕ್ಕೂ ಗಂಟೆ ನಿಮಿಷಗಳು ನಿಗದಿಯಾಗಿದ್ದುವು. ಉಸಿರಾಡುವುದಕ್ಕೆ ಮಾತ್ರ ಸಮಯವನ್ನು ತೋರಿಸಿರಲಿಲ್ಲ.

ಕನ್ನಡ ಪಾಠ ಹೇಳುವವನಿಗೆ ಪರದೇಶದ ಭೂಪಟವೂ ಒಂದು ನಿಘಂಟೇ. ಬ್ಯಾಂಕಾಕಿನಿಂದ ಸುಮಾರು 130 ಕಿಲೋಮೀಟರು ದೂರದ ಕಾಂಚನಬುರಿ ನಮ್ಮ ಕಾಂಚನಪುರಿ. ಅಲ್ಲಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರು ಬೆಟ್ಟದ ದಾರಿ ಸಾಗಿದರೆ ಸಂಖ್ಲಬುರಿ. ದಾರಿಯಲ್ಲಿ ಸಿಗುವ ವಜಿರಾಲಂಗಕೋರ್ನ್ ಅಣೆಕಟ್ಟಿನ ಹೆಸರನ್ನು ಬಿಡಿಸಿದರೆ ವಜ್ರ, ಅಲಂಕರಣ. ಊರಿನ ಪ್ರಸಿದ್ಧ ಮರದ ಸೇತುವೆ ಉತ್ತಮಾನುಸೋರ್ನ್, ಎಂದರೆ ಉತ್ತಮಾನುಸ್ಮರಣ. ಸೇತುವೆಯ ಆಚೆಯ ದಡದಲ್ಲಿರುವವರು ಮೋನ್ ಜನ. ಅವರ ದುಂಡು ದುಂಡಾದ ಲಿಪಿಯ ಮೂಲವನ್ನು ವಿದ್ವಾಂಸರು ದಕ್ಷಿಣ ಭಾರತದ ಪಲ್ಲವ ಅಥವಾ ಕದಂಬ ಲಿಪಿಯಲ್ಲಿ ಕಾಣುತ್ತಾರೆ. ಓದಲು ಬಾರದಿದ್ದರೂ ದೂರದ ದಾಯಾದಿಯ ಮುಖ ಕಂಡಂತೆ ಆ ಅಕ್ಷರಗಳ ಮುಂದೆ ನಿಲ್ಲಬೇಕೆಂದು ನನಗೆ ಆಸೆಯಾಯಿತು.

ಪಟ್ಟಿಯಲ್ಲಿದ್ದ ದೋಣಿವಿಹಾರದ ಬಗೆಗೆ ಓದತೊಡಗಿದಾಗ ವಿಷಯ ಬೇರೆಯಾಯಿತು. 1984ರಲ್ಲಿ ಆ ಅಣೆಕಟ್ಟಿನ ನೀರು ನಿಂತಾಗ ಹಳೆಯ ಸಂಖ್ಲಬುರಿ ಮುಳುಗಿತು. ಮ್ಯಾನ್ಮಾರಿನಿಂದ ಬಂದು ನೆಲೆಸಿದ್ದ ಮೋನ್ ಜನರ ಹಳ್ಳಿಯೂ, ಅವರ ಗುರು ಉತ್ತಮ ಭಿಕ್ಷುಗಳು ಕಟ್ಟಿಸಿದ್ದ ವಿಹಾರವೂ ಮುಳುಗಿದುವು. ಜನ ಮೇಲಿನ ದಡಗಳಿಗೆ ಸರಿದರು. ಎರಡು ದಡಗಳ ನಡುವೆ ಆ ಭಿಕ್ಷುಗಳ ಪ್ರೇರಣೆಯಿಂದ ಮರದ ಸೇತುವೆ ಎದ್ದಿತು.  2013ರ ಪ್ರವಾಹ ಅದರ ನಡುಭಾಗವನ್ನು ಕೊಚ್ಚಿಕೊಂಡು ಹೋಯಿತು. ಮರುವರ್ಷ ಮತ್ತೆ ಕಟ್ಟಿದರು. ಮಳೆಗಾಲದ ಕೊನೆಗೆ ಹಳೆಯ ವಿಹಾರದ ಬಹುಭಾಗ ನೀರಿನಲ್ಲಿರುತ್ತದೆ. ಬೇಸಗೆಯ ಕೊನೆಗೆ ನೀರಿಳಿದರೆ ಅದರೊಳಗೆ ನಡೆದಾಡಬಹುದು.

ಇದನ್ನು ಓದಿ ಹೇಳಿದೊಡನೆ ನನ್ನಾಕೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟಳು. “ಮುಳುಗಿದ ಊರು ನೋಡೋದಕ್ಕೆ ಅಷ್ಟು ದೂರ ಹೋಗಬೇಕೇನ್ರೀ?” ಎಂದಳು.

ಆಕೆಯ ತಾಯಿಯ ತಾಯಿ ಶರಾವತಿಯ ದಂಡೆಯವರು. 1964ರಲ್ಲಿ ಲಿಂಗನಮಕ್ಕಿಯ ನೀರು ಏರಿದಾಗ ಮದುವೆಯಾಗಿ ವರ್ಷ ತುಂಬದ ಹುಡುಗಿ; ಪಾತ್ರೆಪಗಡಗಳೊಡನೆ ಗಾಡಿಯಲ್ಲಿ ಕುಳಿತು ಊರು ಬಿಟ್ಟವರು. ಕಡುಬೇಸಗೆಯಲ್ಲಿ ಆ ನೀರು ಇಳಿದರೆ 1948ರ ಹಿರೇಭಾಸ್ಕರ ಅಣೆಕಟ್ಟು ಮತ್ತೆ ತಲೆಯೆತ್ತುತ್ತದೆ. ಜನ ಬುತ್ತಿ ಕಟ್ಟಿಕೊಂಡು ನೋಡಲು ಹೋಗುತ್ತಾರೆ, ಚಿತ್ರ ತೆಗೆಸಿಕೊಳ್ಳುತ್ತಾರೆ. ಅಜ್ಜಿ ಒಮ್ಮೆಯೂ ಹೋದವರಲ್ಲ. “ಅಂಗಳದಲ್ಲಿ ಕೂತು ಉಣ್ಣೋರನ್ನ ನಾನ್ಯಾಕೆ ನೋಡ್ಲಿ?” ಎಂಬುದು ಅವರ ಮಾತು.

ಮರೆತ ಅಂಗಳಗಳು ಆ ಕೆರೆಯಲ್ಲಿ ಮತ್ತೂ ಇವೆ. 1942–43ರಲ್ಲಿ ಜಪಾನೀ ಸೈನ್ಯ ಥಾಯ್ಲೆಂಡಿನಿಂದ ಬರ್ಮಾಕ್ಕೆ ಹಾಕಿಸಿದ 415 ಕಿಲೋಮೀಟರಿನ ರೈಲುದಾರಿಯ ಒಂದು ಭಾಗವೂ ಅದೇ ನೀರಿನ ಕೆಳಗಿದೆ. ಅದಕ್ಕಾಗಿ ದುಡಿದು ಸತ್ತ ಸುಮಾರು 7,000 ಯುದ್ಧಕೈದಿಗಳಿಗೆ ಕಾಂಚನಬುರಿಯಲ್ಲಿ ಸಾಲುಸಾಲು ಸಮಾಧಿಗಳಿವೆ. ಮಲಯದ ತೋಟಗಳಿಂದ ಬಂದ ತಮಿಳರೂ ಸೇರಿದಂತೆ ಏಷ್ಯದ ಕೂಲಿಗಳು ಸುಮಾರು ಎರಡು ಲಕ್ಷ; ಸತ್ತವರು ಕೈದಿಗಳಿಗಿಂತ ಎಷ್ಟೋ ಪಾಲು ಹೆಚ್ಚು. ಅವರಿಗೆ ಹೆಸರು ಕೆತ್ತಿದ ಸಾಲುಗಳಿಲ್ಲ. 2024ರಲ್ಲಿ ಅಲ್ಲಿಯ ಬೌದ್ಧ ವಿಹಾರವೊಂದರಲ್ಲಿ ತಮಿಳು ಕೂಲಿಗಳ ನೆನಪಿಗೆ ಒಂದು ನಡುಗಲ್ಲನ್ನು ನಿಲ್ಲಿಸಿದರು. ನಡುಗಲ್ಲೆಂದರೆ ನಮ್ಮ ವೀರಗಲ್ಲಿನ ಒಡಹುಟ್ಟು. ತುರು ಕಾದು ಮಡಿದವನಿಗೆ ಕಲ್ಲು ನಿಲ್ಲಿಸಿದ ನಾಡಿನವರು, ಹಳಿ ಹೊತ್ತು ಮಡಿದವನ ಕಲ್ಲಿನ ಮುಂದೆ ಅರ್ಧ ಗಂಟೆ ನಿಲ್ಲಲಾರೆವೆ?

ಹಾಗಾದರೆ ಇದು ವಿಶ್ರಾಂತಿಯ ಪ್ರವಾಸವೋ, ಶ್ರಾದ್ಧದ ಪ್ರವಾಸವೋ? ನಮ್ಮ ಮನೆಯಲ್ಲಿ ಇದರ ಚರ್ಚೆ ಒಂದು ವಾರ ನಡೆಯಿತು. ಹೋಗುವುದೇ ಬೇಡ, ಸಮುದ್ರ ತೀರಕ್ಕೆ ಹೋಗೋಣವೆಂದು ಒಮ್ಮೆ ತೀರ್ಮಾನವೂ ಆಯಿತು. ಕೊನೆಗೆ ನನ್ನಾಕೆ ಅಜ್ಜಿಗೇ ಫೋನು ಮಾಡಿದಳು. ಅವರು ಬೈಯುತ್ತಾರೆಂದು ನಾವು ಎಣಿಸಿದ್ದೆವು.

“ಹೋಗಿ ಬನ್ನಿ,” ಎಂದರು ಅಜ್ಜಿ. “ಯಾರೂ ಹೋಗದಿದ್ರೆ ಅಲ್ಲಿನೋರ ಹೊಟ್ಟೆ ತುಂಬೋದು ಹೇಗೆ? ಆದ್ರೆ ಸುಮ್ನೆ ನೋಡಿ ಬರಬೇಡಿ. ನಿಮ್ಮನೆ ಎಲ್ಲಿತ್ತು ಅಂತ ಒಬ್ರನ್ನಾದ್ರೂ ಕೇಳಿ. ನಮ್ಮನ್ನ ಯಾರೂ ಕೇಳ್ಲಿಲ್ಲ.”

ಆ ಮಾತಿನಿಂದ ನಮ್ಮ ಪಟ್ಟಿ ತಾನಾಗಿಯೇ ತಿದ್ದಿಕೊಂಡಿತು. ಜಲಪಾತ ಹೋಯಿತು, ಬುಗ್ಗೆ ಹೋಯಿತು. ಗಡಿಯ ಸ್ತೂಪಗಳನ್ನು ಈಚೆಯಿಂದ ನೋಡಿದರೆ ಸಾಕು. 2021ರಲ್ಲಿ ಸೈನ್ಯ ಅಧಿಕಾರ ಹಿಡಿದಂದಿನಿಂದ ಅತ್ತಲಿನ ನಾಡು ನೆಮ್ಮದಿ ಕಂಡಿಲ್ಲ. ಶುಕ್ರವಾರ ರಾತ್ರಿ ಕಾಂಚನಬುರಿಯಲ್ಲಿ ತಂಗುವುದು, ಶನಿವಾರ ಬೆಳಗ್ಗೆ ಸಮಾಧಿಗಳನ್ನೂ ನಡುಗಲ್ಲನ್ನೂ ಕಂಡು ಹೊರಡುವುದು. ದಾರಿಯಲ್ಲಿ ಸಿಪಾಯಿಗಳು ತಡೆದು ನೋಡುವುದುಂಟಾದ್ದರಿಂದ ಪಾಸ್‌ಪೋರ್ಟು ಜೇಬಿನಲ್ಲಿಯೇ ಇರಬೇಕು. ಮಧ್ಯಾಹ್ನ ಸಂಖ್ಲಬುರಿ. ಭಾನುವಾರ ನಸುಕಿನಲ್ಲಿ ಸೇತುವೆಯ ಮೇಲೆ, ಭಿಕ್ಷುಗಳು ಭಿಕ್ಷೆಗೆ ಬರುವ ಹೊತ್ತಿಗೆ ಅನ್ನ ನೀಡುವ ಮೋನ್ ಹೆಂಗಸರ ಸಾಲಿನಲ್ಲಿ ನಾವೂ ಕುಳಿತುಕೊಳ್ಳುವುದು. ಶನಿವಾರದ ಇಳಿಹೊತ್ತು ಪೂರ್ತಿ ಖಾಲಿ. ಈ ಖಾಲಿ ಜಾಗವನ್ನು ಕಂಡು ಭಾವಮೈದುನ ತಳಮಳಿಸಿದ. “ಭಾವ, ಇಲ್ಲಿ ಏನಂತ ಬರೆಯಲಿ?” ಎಂದು ಮೂರು ಸಲ ಕೇಳಿದ.

ಬರೆಯುವುದು ಬೇಡ, ಒಂದು ವಾಕ್ಯ ಕಲಿಸು ಎಂದೆ. ಹಳೆಯ ಮನೆ ಎಲ್ಲಿದೆ ಎಂಬುದಕ್ಕೆ ಥಾಯ್ ಭಾಷೆಯಲ್ಲಿ “ಬಾನ್ ಕಾವ್ ಯೂ ತೀ ನೈ” ಎನ್ನಬೇಕಂತೆ. ‘ಬಾನ್’ ಎಂದರೆ ಮನೆಯೂ ಹೌದು, ಹಳ್ಳಿಯೂ ಹೌದು ಎಂದು ಆತ ವಿವರಿಸಿದ. ಅಜ್ಜಿಯ ಪ್ರಶ್ನೆಗೆ ಇದಕ್ಕಿಂತ ತಕ್ಕ ಭಾಷಾಂತರ ಇರಲಾರದು. ಈಗ ನಮ್ಮ ಅಡಿಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಆ ಐದು ಪದಗಳ ಅಭ್ಯಾಸ ನಡೆದಿದೆ. ಥಾಯ್ ಮಾತಿನಲ್ಲಿ ದನಿಯ ಏರಿಳಿತ ತಪ್ಪಿದರೆ ಅರ್ಥವೇ ತಪ್ಪುತ್ತದೆ. ನನಗಿಂತ ನನ್ನಾಕೆಯ ದನಿಯೇ ಚೆನ್ನಾಗಿ ಕೂಡುತ್ತಿದೆ. ಕೇಳುವ ಹಕ್ಕೂ ಆಕೆಯದೇ.