ತಪ್ಪು ಹೆಕ್ಕುವ ತಂತ್ರಾಂಶ

ನಮ್ಮ ಶಾಲೆಯ 40 ಮಕ್ಕಳ ಎರಡು ಕಿರುಪರೀಕ್ಷೆಗಳ ಸರಾಸರಿ ತೆಗೆಯಲು ಹಳೆಯ ಶಿಷ್ಯನೊಬ್ಬ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆದುಕೊಟ್ಟ. “ಚೆನ್ನಾಗಿ ಓಡುತ್ತೆ ಸಾರ್” ಎಂದ. ಓಡುವುದೆಲ್ಲ ಸರಿಯಾಗಿರಬೇಕಲ್ಲ! ನನ್ನ ಉಬುಂಟು ಕಂಪ್ಯೂಟರಿಗೆ ಸಿಪಿಪಿಚೆಕ್ ಹಾಕೋಣವೆಂದೆ.

ಪ್ರೋಗ್ರಾಮನ್ನು ಓಡಿಸದೆ, ಬರೀ ಓದಿಯೇ ತಪ್ಪು ಹೆಕ್ಕುವ ಸಾಧನ ಅದು. ಈ ವಂಶದ ಹಿರಿಯ ‘ಲಿಂಟ್’, 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಬರೆದದ್ದು. ಬಟ್ಟೆಗಂಟಿದ ನೂಲಿನ ಚೂರಿಗೆ ಇಂಗ್ಲಿಷಿನಲ್ಲಿ ಆ ಹೆಸರು.

ಟರ್ಮಿನಲ್ ತೆರೆದು ‘ಸುಡೊ ಆಪ್ಟ್ ಇನ್‌ಸ್ಟಾಲ್ ಸಿಪಿಪಿಚೆಕ್’ ಎಂದು ಕುಟ್ಟಿದೆ. ಪಾಸ್‌ವರ್ಡ್ ಕೇಳಿತು. ಎಷ್ಟು ಒತ್ತಿದರೂ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಕೀಲಿಮಣೆ ಕೆಟ್ಟಿತೆಂದು ಗಾಬರಿಯಾಗಲಿಲ್ಲ, ಆಗ ಅದರ ಪದ್ಧತಿಯೇ ಹಾಗಿತ್ತು. ಉಳಿದದ್ದನ್ನು ಅದೇ ಮಾಡಿಕೊಂಡಿತು.

ಕಡತದ ಹೆಸರು ಕೊಟ್ಟೊಡನೆ ಸಾಲುಸಂಖ್ಯೆ ಸಮೇತ ದೂರು ಬಂತು. ಸಿ ಭಾಷೆಯ ಎಣಿಕೆ ಸೊನ್ನೆಯಿಂದ ಶುರು. 40 ಮಕ್ಕಳೆಂದರೆ 39ಕ್ಕೆ ನಿಲ್ಲಬೇಕು. ಹುಡುಗ 40ರವರೆಗೂ ಹೋಗಿ, ಇಲ್ಲದ ಮನೆಗೆ ಕೈಹಾಕಿದ್ದ. ತಿದ್ದಿದ. ಆಮೇಲೆ ದೂರಿಲ್ಲ.

ಅವನಿಗೆ ಸಮಾಧಾನ. ನನಗಿಲ್ಲ. ಒಬ್ಬ ಹುಡುಗಿಗೆ ಬಂದದ್ದು 17 ಮತ್ತು 18. ಪ್ರೋಗ್ರಾಂ ಕೊಟ್ಟ ಸರಾಸರಿ 17! ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದರೆ ಸಿ ಭಾಷೆ ಉಳಿದ ಅರ್ಧವನ್ನು ಉದುರಿಸಿಬಿಡುತ್ತದೆ. ಭಾಷೆಯ ನಿಯಮವೇ ಅದಾದಾಗ ಸಿಪಿಪಿಚೆಕ್ ಏಕೆ ತಕರಾರು ತೆಗೆದೀತು? ಅರ್ಧ ಬಂದರೆ ಮೇಲಕ್ಕೇರಿಸುವುದು ನಮ್ಮ ಶಾಲೆಯ ರೂಢಿಯೆಂದು ಅದಕ್ಕೆ ಹೇಳಿದವರಾದರೂ ಯಾರು?

“ಅರ್ಧ ಮಾರ್ಕು ತಾನೇ ಸಾರ್?”

“ನಿನ್ನದಾಗಿದ್ದರೆ ಬಿಡುತ್ತಿದ್ದೆಯೇನೋ?” ಎಂದೆ.

ನಕ್ಕು, ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡ.